ಮೂರು ವರ್ಷದ ಮಾತು

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವಾಗ ಹಳೇ ಗೆಳೆಯನೊಬ್ಬ ಸಿಕ್ಕ. ಕೈಯಲ್ಲಿ ಏಳು ವರ್ಷದ ಹಿಂದಿನ ಫೋನು. "ಹೊಸಾ ಆಂಡ್ರಾಯ್ಡ್ ಹಾಕೀನಿ, ಕುದುರಿ ಹಂಗ ಓಡ್ತದ ನೋಡು" ಅಂದ. ಅದೇ ವರ್ಷ ಸಿಂಧನೂರಿನ ಅದೇ ಅಂಗಡಿಯಲ್ಲಿ ಕೊಂಡ ನನ್ನ ಫೋನು ಕಪಾಟಿನಲ್ಲಿ ಮಲಗಿದೆ. ಮುಖ್ಯ ಕಾರಣ ಇಷ್ಟೇ: ಅವನ ಫೋನಿನ ಕಂಪನಿ ಕರ್ನಲ್ಲಿನ ಸೋರ್ಸ್ ಕೋಡ್ ಕೊಟ್ಟಿತ್ತು, ಆಸಕ್ತ ಹುಡುಗರು ಅದನ್ನಿಟ್ಟುಕೊಂಡು ಹೊಸ ಆವೃತ್ತಿ ಕಟ್ಟಿದರು. ನನ್ನ ಫೋನಿನ ಕಂಪನಿ ಕೊಡಲಿಲ್ಲ.

ಕೊಡೋದು ಬಿಡೋದು ಕಂಪನಿಯ ದೊಡ್ಡಸ್ತಿಕೆ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅಲ್ಲ ಸ್ವಾಮಿ! ಆಂಡ್ರಾಯ್ಡ್ ಫೋನಿನ ತಳದಲ್ಲಿರೋದು ಲಿನಕ್ಸ್ ಕರ್ನಲ್. ಅದರ ಲೈಸೆನ್ಸು 1991ರ ಜಿಪಿಎಲ್ ಎರಡನೇ ಆವೃತ್ತಿ. ಅದರ ಮೂರನೇ ಕಲಮಿನ ಪ್ರಕಾರ, ಪ್ರೋಗ್ರಾಮು ಮಾರಿದವರು ಸೋರ್ಸನ್ನೂ ಜೊತೆಗೇ ಕೊಡಬೇಕು. ಇಲ್ಲವೇ, ಕೇಳಿದ ಯಾರಿಗಾದರೂ ಕೊಡ್ತೀವಿ ಅಂತ ಕನಿಷ್ಠ ಮೂರು ವರ್ಷ ನಡೆಯುವ ಮಾತನ್ನು ಬರೆದು ಕೊಡಬೇಕು. ಕಳಿಸುವ ಖರ್ಚಿಗಿಂತ ಹೆಚ್ಚು ಕೇಳುವಂತಿಲ್ಲ. ಕೋಡ್ ತಿದ್ದಿ ತಮ್ಮ ಆಫೀಸಿನೊಳಗೇ ಬಳಸಿಕೊಂಡರೆ ಯಾರಿಗೂ ತೋರಿಸಬೇಕಿಲ್ಲ. ಮಾರಿದ ಮೇಲೆ ಮುಚ್ಚಿಡುವ ಹಾಗಿಲ್ಲ. (ಆಂಡ್ರಾಯ್ಡಿನ ಮೇಲಿನ ಬಹುಭಾಗ ಅಪಾಚೆ ಲೈಸೆನ್ಸಿನದು, ಅದಕ್ಕೆ ಈ ಹಂಗಿಲ್ಲ.)

ಫೋನ್ ಕೊಂಡ ಎರಡನೇ ವರ್ಷದಲ್ಲೇ ನಾನು ಮೂರು ಮೇಲ್ ಹಾಕಿದ್ದೆ. ಬಂದದ್ದು ಒಂದೇ ಉತ್ತರ: "ಹತ್ತಿರದ ಸರ್ವಿಸ್ ಸೆಂಟರಿಗೆ ಭೇಟಿ ಕೊಡಿ." ಸರ್ವಿಸ್ ಸೆಂಟರಿನ ಹುಡುಗ ಪಾಪ, "ಸೋರ್ಸ್ ಅಂದ್ರ ಚಾರ್ಜರ್ರಾ ಸರ?" ಅಂದ :-)

ಬಸ್ಸು ಮಸ್ಕಿ ದಾಟುವಾಗ ಇದನ್ನು ನೆನೆದು ನಗು ಬಂತು. ಅಶೋಕ ಹೇಳಬೇಕಾದ್ದನ್ನು ಇಲ್ಲಿ ಬಂಡೆಗಲ್ಲಿನ ಮೇಲೆ ಕೊರೆಸಿಟ್ಟ. ಇವರು ಅದೇ ಕೆಲಸವನ್ನು ಸೆಟ್ಟಿಂಗ್ಸಿನ ಆಳದಲ್ಲಿ, ಇರುವೆಯಂಥ ಅಕ್ಷರದಲ್ಲಿ ಮಾಡ್ತಾರೆ!

ಕೇಳಿದರೆ ಏನಾಗುತ್ತೆ ಅಂತೀರಾ? 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೆ ಲಿನಕ್ಸ್ ಇರೋದು ಪತ್ತೆಯಾಯ್ತು. ಜನ ಬೆನ್ನು ಬಿದ್ದು ಕೇಳಿದರು, ಕಂಪನಿ ಕೋಡ್ ಬಿಟ್ಟಿತು. ಓಪನ್‌ವರ್ಟ್ ಹುಟ್ಟಿದ್ದು ಆ ಕೋಡಿನಿಂದ. 2021ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ವಿಜಿಯೋ ಟಿವಿ ಕಂಪನಿಯ ಮೇಲೆ ಕೇಸು ಹಾಕಿತು. ಕೋಡ್ ಬರೆದವರಾಗಿ ಅಲ್ಲ, ಟಿವಿ ಕೊಂಡ ಗಿರಾಕಿಯಾಗಿ. ನನಗೆ ಹಿಡಿಸಿದ್ದು ಈ ದಾರಿ. ಸಿಂಧನೂರಿನ ಅಂಗಡಿಯಲ್ಲಿ ರೊಕ್ಕ ಎಣಿಸಿದವರು ನಾವೂ ಗಿರಾಕಿಗಳೇ ತಾನೆ?

ನಾಲ್ಕನೇ ಮೇಲ್ ನಿನ್ನೆ ರಾತ್ರಿ ಹಾಕಿದ್ದೇನೆ, ಹಳೇ ಮೂರನ್ನೂ ಜೊತೆಗೆ ಸೇರಿಸಿ. ನೀವೂ ನಿಮ್ಮ ಫೋನಿನ ಬಿಲ್ಲಿನ ಮೇಲಿನ ತಾರೀಖು ಒಮ್ಮೆ ನೋಡಿ. ಮೂರು ವರ್ಷ ಆಗಿಲ್ಲ ಅಂದ್ರೆ ಇವತ್ತೇ ಬರೀರಿ.