ಮರದ ಲೆಕ್ಕಕ್ಕೆ ಖರ್ಚಿನ ಪುಟ ಇಲ್ಲವೇ?



ರಜೆಗೆ ಊರಿಗೆ ಹೊರಡುವ ನಮ್ಮಲ್ಲಿ ಕೆಲವರು ವಿಮಾನದ ಟಿಕೆಟ್ಟಿನ ಜೊತೆಗೆ ಇನ್ನಷ್ಟು ಡಾಲರ್ ಕೊಟ್ಟು, "ಇಷ್ಟು ಮರ ನೆಡಿಸಿದೆವು, ಹೊಗೆಯ ಪಾಪ ಕಳೆಯಿತು" ಎಂದು ನೆಮ್ಮದಿಯಾಗಿರುತ್ತಾರೆ. ನನ್ನ ವಿರೋಧ ಮರಕ್ಕಲ್ಲ, ಆ ಲೆಕ್ಕಕ್ಕೆ.

ಲೆಕ್ಕದ ಕ್ರಮ ಸರಳ. ಮರದ ಸುತ್ತಳತೆ, ಎತ್ತರದಿಂದ ಗಾತ್ರ. ಗಾತ್ರ ಮತ್ತು ಸಾಂದ್ರತೆಯಿಂದ ಒಣ ತೂಕ. ಅದರಲ್ಲಿ ಸುಮಾರು ಅರ್ಧ ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಹೀರಿದ ಕಾರ್ಬನ್ ಡೈಆಕ್ಸೈಡ್. ಕಂಪ್ಯೂಟರ್ ಮಾದರಿಗಳು ಮರದ ಬೆಳವಣಿಗೆಯನ್ನು ವರ್ಷದಿಂದ ವರ್ಷಕ್ಕೆ ಅಂದಾಜು ಮಾಡಿ ಈ ಲೆಕ್ಕವನ್ನು ಮುಂದುವರಿಸುತ್ತವೆ. ಗಣಿತ ಸರಿಯೇ. ಆದರೆ ಮಾರುವವರು ನಮಗೆ ತೋರಿಸುವುದು ಜಮೆಯ ಪುಟ ಮಾತ್ರ.

ಖರ್ಚಿನ ಪುಟ ಹೀಗಿದೆ. ಕಾಗದಕ್ಕೆಂದು ಬೆಳೆಸಿದ ನೀಲಗಿರಿ ತೋಪನ್ನು ಏಳೆಂಟು ವರ್ಷಕ್ಕೇ ಕಡಿಯುತ್ತಾರೆ. ಕಡಿದು, ಚಿಗುರಿಸಿ, ಮತ್ತೆ ಕಡಿಯುವ ತೋಪಿನಲ್ಲಿ ಸರಾಸರಿ ಉಳಿಯುವ ಇಂಗಾಲ, ಕಡಿಯುವ ದಿನ ಇದ್ದುದರ ಹೆಚ್ಚುಕಡಿಮೆ ಅರ್ಧ. ಕಡಿದ ಮರ ಗಿರಣಿಗೆ. ಹವಾಮಾನ ಕುರಿತ ಅಂತರರಾಷ್ಟ್ರೀಯ ಸಮಿತಿ ಐಪಿಸಿಸಿಯ ಲೆಕ್ಕದಲ್ಲಿ ಕಾಗದದ ಇಂಗಾಲ ಅರ್ಧಕ್ಕಿಳಿಯಲು 2 ವರ್ಷ ಸಾಕು. ಕೊಯ್ದ ಹಲಗೆಗೆ 35 ವರ್ಷ. ತೊಲೆಗೂ ರದ್ದಿಗೂ ಒಂದೇ ಬೆಲೆ ಕಟ್ಟುವುದು ಯಾವ ನ್ಯಾಯ?

ಇನ್ನು, ಮರ ನೆಡುವ ನೆಲ ಯಾರದು? 1984ರಲ್ಲಿ ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಬಿಟ್ಟುಕೊಡಲು ಹೊರಟಿತು. ಸರ್ಕಾರಕ್ಕೆ ಅದು ಪಾಳು. ಹಳ್ಳಿಯವರಿಗೆ ಹುಲ್ಲು, ಸೌದೆ, ಗೋಮಾಳ. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನ ಜನ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ದನಗಳಿಗೆ ಆ ಹುಲ್ಲು ಸಿಗದಿದ್ದರೆ ಅವು ಇನ್ನೊಂದು ಕಾಡಿಗೆ ನುಗ್ಗುತ್ತವೆ. ಆ ನಷ್ಟ ಯಾವ ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ? ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ನೀಲಗಿರಿಯಿಂದ ರೈತನಿಗೆ ನಾಲ್ಕು ಕಾಸು ಬಂತಲ್ಲ ಎನ್ನುವವರಿದ್ದಾರೆ. ಬಂದದ್ದು ನಿಜ. ಹಾಗಾದರೆ ಅದನ್ನು ಕಾಗದದ ಬೆಳೆ ಎಂದೇ ಮಾರಲಿ. ಕಾಡು ಎಂದು ಮಾರುವುದು ಬೇಡ.

ಕಾಡು ನೋಡಬೇಕಾದರೆ ನಮ್ಮ ಕ್ಲಾರ್ಕ್ಸ್‌ಬರ್ಗ್‌ನ ಲಿಟ್ಲ್ ಬೆನೆಟ್ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹಿಂದೆ ಹೊಲ, ಗಿರಣಿಗಳಿದ್ದ ಕಡೆ ಮರಗಳು ಎದ್ದು ನಿಂತಿವೆ. ಏಳು ವರ್ಷಕ್ಕೊಮ್ಮೆ ಕೊಡಲಿ ಬೀಳದಿರುವುದೇ ಅದರ ಗುಟ್ಟು.

ಆದ್ದರಿಂದ ಮರದ ಹೆಸರಿನಲ್ಲಿ ಹಣ ಕೇಳಿದವರಿಗೆ ಮೂರು ಪ್ರಶ್ನೆ ಹಾಕಿ: ಯಾವ ಮರ, ಎಂದು ಕಡಿಯುತ್ತೀರಿ? ಕಡಿದ ಮೇಲೆ ಅದು ಏನಾಗುತ್ತದೆ? ಆ ನೆಲದಲ್ಲಿ ಮೊದಲು ಯಾರ ದನ ಮೇಯುತ್ತಿತ್ತು? ಮೂರಕ್ಕೂ ಉತ್ತರ ಬಾರದಿದ್ದರೆ ಚೆಕ್‌ಬುಕ್ ಮುಚ್ಚಿಡಿ.

— ಕ್ಲಾರ್ಕ್ಸ್‌ಬರ್ಗ್‌ನ ಒಬ್ಬ ಸದಸ್ಯ