ಸೂಜಿ ಹಿಡಿದ ಖಳನಾಯಕ!

ಖಳನಾಯಕ ಅಂದ್ರೆ ಹೇಗಿರಬೇಕು? ಕೆಂಪು ಕಣ್ಣು, ಗಿರಿಜಾ ಮೀಸೆ, ಹಿಂದೆ ನಾಲ್ಕು ಜನ ರೌಡಿಗಳು, ಎಂಟ್ರಿಗೆ 'ಢಂ' ಅನ್ನೋ ಮ್ಯೂಸಿಕ್ಕು... ಹೌದು ತಾನೇ? ಗಡ್ಡ, ಕನ್ನಡಕ, ಕೈಯಲ್ಲೊಂದು ಬ್ಯಾಗು, ಕರೆದರೆ ಮನೆಗೇ ಬರುವ ಡಾಕ್ಟರನ್ನು ಕಂಡು ಯಾರು ಹೆದರುತ್ತಾರೆ?

ನಾನು ಹೆದರಿದೆ! ಮೊನ್ನೆ ರಾತ್ರಿ ಸ್ನೇಹಿತನ ರೂಮಿನಲ್ಲಿ 'ಹೆರಾಲ್ಡ್ ಶಿಪ್‌ಮನ್: ಡಾಕ್ಟರ್ ಡೆತ್' ನೋಡಿದೆ. 2002ರಲ್ಲಿ ಇಂಗ್ಲೆಂಡಿನ ಐಟಿವಿ ತೋರಿಸಿದ ಚಿತ್ರ. ಡಾಕ್ಟರ್ ಪಾತ್ರದಲ್ಲಿ ಜೇಮ್ಸ್ ಬೋಲಮ್. ಅಬ್ಬರವಿಲ್ಲ, ಆರ್ಭಟವಿಲ್ಲ. ಅದಕ್ಕೇ ಮೈ ಜುಮ್ಮೆನ್ನುತ್ತೆ!

ಇದು ಕಟ್ಟಿದ ಕಥೆಯಲ್ಲ ಸ್ವಾಮಿ, ನಡೆದದ್ದು. ಮ್ಯಾಂಚೆಸ್ಟರ್ ಪಕ್ಕದ ಹೈಡ್ ಎಂಬ ಸಣ್ಣ ಪಟ್ಟಣ. ಶಿಪ್‌ಮನ್ ಅಲ್ಲಿ ಎಲ್ಲರಿಗೂ ಬೇಕಾದ ಡಾಕ್ಟರು. ಒಂಟಿಯಾಗಿರುವ ಮುದುಕಿಯರ ಮನೆಗೆ ಮಧ್ಯಾಹ್ನದ ಹೊತ್ತು ಹೋಗುವುದು, ಡೈಮಾರ್ಫಿನ್ ಚುಚ್ಚುವುದು. ಆಮೇಲೆ ಸಾವಿನ ಸರ್ಟಿಫಿಕೇಟಿಗೆ ಸಹಿ ಹಾಕುವವನೂ ಅವನೇ! ಕೊಲೆಗಾರನೇ ಪಂಚನಾಮೆ ಬರೆದ ಹಾಗೆ.

1998ರ ಜೂನ್‌ನಲ್ಲಿ 81 ವರ್ಷದ ಮಾಜಿ ಮೇಯರಮ್ಮ ಸತ್ತರು. ಅವರ 3,86,000 ಪೌಂಡ್ ಆಸ್ತಿಯೆಲ್ಲ ಡಾಕ್ಟರಿಗೆ ಅಂತ ಒಂದು ವಿಲ್ ಬಂತು. ಮಗಳು ವಕೀಲೆ, ಸುಮ್ಮನೆ ಬಿಟ್ಟಾಳೆಯೇ? ಹೂತ ದೇಹ ತೆಗೆಸಿದರು, ಮಾರ್ಫಿನ್ ಸಿಕ್ಕಿತು. ವಿಲ್ ಹೊಡೆದ ಟೈಪ್‌ರೈಟರ್ ಅವನ ಬಳಿಯೇ ಸಿಕ್ಕಿತು. ರೋಗಿ ಸತ್ತ ಮೇಲೆ ಹಳೇ ತಾರೀಖು ಹಾಕಿ ತಿದ್ದಿದ ದಾಖಲೆಯ ಗುಟ್ಟನ್ನು ಅವನ ಕಂಪ್ಯೂಟರೇ ಬಿಟ್ಟುಕೊಟ್ಟಿತು! 2000ದ ಜನವರಿಯಲ್ಲಿ 15 ಕೊಲೆಗಳಿಗೆ ಜೀವಾವಧಿ. 2002ರಲ್ಲಿ ವಿಚಾರಣಾ ಆಯೋಗ ಲೆಕ್ಕ ಹಾಕಿದಾಗ ಸಿಕ್ಕಿದ್ದು 215. ಕೊನೆಯ ಅಂದಾಜು ಸುಮಾರು 250. ಯಾಕೆ ಕೊಂದೆ ಅಂತ ಅವನು ಕೊನೆಗೂ ಬಾಯಿ ಬಿಡಲಿಲ್ಲ. 2004ರ ಜನವರಿಯಲ್ಲಿ ಜೈಲಿನಲ್ಲೇ ನೇಣು ಹಾಕಿಕೊಂಡ.

ನನ್ನ ಮನಸ್ಸಲ್ಲಿ ಉಳಿದವನು ಮಾತ್ರ ಒಬ್ಬ ಟ್ಯಾಕ್ಸಿ ಡ್ರೈವರ್. ದಿನಾ ತನ್ನ ಗಾಡಿ ಹತ್ತುತ್ತಿದ್ದ ಗಟ್ಟಿಮುಟ್ಟಾದ ಅಜ್ಜಿಯರು ಒಬ್ಬೊಬ್ಬರಾಗಿ ಸಾಯೋದು, ಎಲ್ಲರಿಗೂ ಇವನೇ ಡಾಕ್ಟರ್ ಅನ್ನೋದು ಅವನ ತಲೆಗೆ ಹೊಳೆದಿತ್ತು. ಹೆಸರುಗಳ ಪಟ್ಟಿಯನ್ನೂ ಇಟ್ಟಿದ್ದ. ಆದರೆ ಡಾಕ್ಟರ ಮೇಲೆ ಡ್ರೈವರ್ ದೂರು ಕೊಟ್ಟರೆ ಯಾರು ನಂಬುತ್ತಾರೆ? ಅಷ್ಟೇಕೆ, 1998ರ ಮಾರ್ಚ್‌ನಲ್ಲಿ ಪಕ್ಕದ ಕ್ಲಿನಿಕ್ಕಿನ ಡಾಕ್ಟರಮ್ಮನೇ ಅನುಮಾನ ಹೇಳಿದಾಗಲೂ ಪೊಲೀಸರು ಫೈಲು ಮುಚ್ಚಿದರು. ಸುಳ್ಳು ಚೀಟಿ ಬರೆದು ಮಾದಕ ಔಷಧಿ ತೆಗೆದದ್ದಕ್ಕೆ 1976ರಲ್ಲೇ ಅವನಿಗೆ ದಂಡ ಬಿದ್ದಿತ್ತು. ಅದನ್ನೂ ತಿರುವಿ ನೋಡಲಿಲ್ಲ. ಆಮೇಲೆ ಇನ್ನೂ ಮೂವರು ಸತ್ತರು.

ನನಗೂ ಇದರ ರುಚಿ ಗೊತ್ತು. ನಮ್ಮಜ್ಜಿಗೆ ಕೊಡುತ್ತಿದ್ದ ಇಂಜೆಕ್ಷನ್ ಯಾವುದು ಅಂತ ಒಮ್ಮೆ ಕೇಳಿದ್ದೆ. "ಎಷ್ಟು ಓದಿದೀಯಪ್ಪ?" ಅಂದರು. ಪಿಯುಸಿ ಅರ್ಧಕ್ಕೇ ಬಿಟ್ಟವನು, ತಲೆ ತಗ್ಗಿಸಿ ಹೊರಗೆ ಬಂದೆ. ಆ ಡಾಕ್ಟರು ಒಳ್ಳೆಯವರೇ, ಅಜ್ಜಿ ಎದ್ದು ಓಡಾಡಿದಳು. ಆದರೂ ನಾನು ತಲೆ ತಗ್ಗಿಸಬಾರದಿತ್ತು ಅಂತ ಈಗ ಅನ್ನಿಸುತ್ತೆ.

ಡಾಕ್ಟರನ್ನೆಲ್ಲ ಅನುಮಾನಿಸಿ ಅನ್ನುತ್ತಿಲ್ಲ ಗೆಳೆಯರೇ. ಕೇಳೋದಕ್ಕೆ ಡಿಗ್ರಿ ಬೇಕಿಲ್ಲ ಅನ್ನುತ್ತಿದ್ದೇನೆ, ಅಷ್ಟೇ. ಈ ಕಥೆಯನ್ನು ಕನ್ನಡದಲ್ಲಿ ಯಾರಾದರೂ ತೆಗೆದರೆ, ಇನ್ಸ್‌ಪೆಕ್ಟರನ್ನು ಪಕ್ಕಕ್ಕಿಟ್ಟು ಆ ಡ್ರೈವರನ್ನೇ ಹೀರೋ ಮಾಡಲಿ. ಮೊದಲ ಶೋಗೆ ಮೊದಲ ಟಿಕೆಟ್ ನನ್ನದು!