ಧನದ ಶುದ್ಧಿ, ವಿದ್ಯೆಯ ಶುದ್ಧಿ

ಜಕಾತಿ ಎಂದೊಡನೆ ನಮ್ಮ ಜನರಿಗೆ ಸುಂಕದ ಕಟ್ಟೆಯೇ ನೆನಪಾಗುವುದು. ಆದರೆ ಅದರ ಮೂಲವಾದ ‘ಜಕಾತ್’ ಎಂಬ ಅರಬ್ಬೀ ಶಬ್ದಕ್ಕೆ ಶುದ್ಧಿ, ವೃದ್ಧಿ ಎಂದರ್ಥ. ಇಸ್ಲಾಂ ಧರ್ಮವು ಧನಾರ್ಜನೆಯನ್ನು ನಿಷೇಧಿಸಿಲ್ಲ, ಪೈಗಂಬರರೂ ವ್ಯಾಪಾರಗೈದವರೇ. ಆದರೆ ಸಂಪತ್ತೆಂಬುದು ಮನುಷ್ಯನ ಕೈಯಲ್ಲಿ ದೇವರಿಟ್ಟ ನಿಕ್ಷೇಪ. ಆದುದರಿಂದ ನಿಯತ ಪರಿಮಾಣವನ್ನು ಮೀರಿ ವರ್ಷವಿಡೀ ಉಳಿದ ಹಣದಲ್ಲಿ 40ರಲ್ಲಿ 1 ಪಾಲು ಬಡವರೇ ಮೊದಲಾದವರ ಹಕ್ಕೆಂದು ಅದು ವಿಧಿಸುತ್ತದೆ. ಇದು ದಯೆಯ ಮಾತಲ್ಲ, ಋಣದ ಮಾತು.

ವಿದ್ಯೆಗೂ ಇಂತಹ ಶುದ್ಧಿಯು ಅವಶ್ಯ. ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದಲ್ಲಿ ಆಚಾರ್ಯರಾಗಿದ್ದ ಇಮಾಂ ಗಜಾಲಿಯವರು, ತಮ್ಮ ಬೋಧನೆಯು ದೇವರಿಗಾಗಿಯಲ್ಲ, ಕೀರ್ತಿಗಾಗಿ ಎಂದು ಮನಗಂಡು 1095ರಲ್ಲಿ ಆ ಪೀಠವನ್ನೇ ತ್ಯಜಿಸಿದರು.

ಹಾಗೆಂದು ಧನಕ್ಕೂ ವಿದ್ಯೆಗೂ ವೈರವಿದೆಯೆಂದು ಭಾವಿಸಲಾಗದು. ಪರ್ಷಿಯಾದ ಗೀಲಾನಿನಿಂದ ವರ್ತಕನಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಬೀದರದಲ್ಲಿ ಮದರಸಾ ಕಟ್ಟಿಸಿದನು. 1481ರಲ್ಲಿ ಕೃತ್ರಿಮ ಪತ್ರವೊಂದನ್ನು ನಂಬಿದ ಸುಲ್ತಾನನು ಅವನನ್ನು ಕೊಲ್ಲಿಸಿದನು. ಅಧಿಕಾರ ಹೋಯಿತು, ಪ್ರಾಣವೂ ಹೋಯಿತು. ಭಗ್ನವಾಗಿದ್ದರೂ ಆ ಮದರಸಾ ಮಾತ್ರ ಇಂದಿಗೂ ನಿಂತಿದೆ.

ಪದವಿಯ ಬೆಲೆಯನ್ನು ಸಂಬಳದಿಂದಲೇ ಅಳೆಯುವ ತಂದೆತಾಯಿಗಳೂ, ಶಿಕ್ಷಣಸಂಸ್ಥೆಯನ್ನು ಅಂಗಡಿಯಂತೆ ನಡೆಸುವ ಧನಿಕರೂ, ಅವರು ಯಾವ ಮತದವರೇ ಆಗಿರಲಿ, ಇದನ್ನು ಆಲೋಚಿಸತಕ್ಕದ್ದು. ದೇವಾಲಯದಲ್ಲಾಗಲಿ ಮಸೀದಿಯಲ್ಲಾಗಲಿ ದಾನವಿತ್ತ ಕೈಯೇ ಶಾಲೆಯ ಬಾಗಿಲಲ್ಲಿ ಬಡವನನ್ನು ಸುಲಿದರೆ, ಆ ದಾನದಿಂದ ಯಾವ ಧನವು ಶುದ್ಧವಾದೀತು?